ನೀರು ಮುಟ್ಟಿ ಮಾಡಿದ ಆಣೆ

ಅಕ್ಕಯ್ಯಮ್ಮನಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುತ್ತಿದ್ದದ್ದು ಕೆರೆಗೆ. ಅವಳು ಹುಟ್ಟು ಹಾಕುವ ರಭಸಕ್ಕೆ ನೀರು ತೆಪ್ಪದೊಳಕ್ಕೆ ಸಿಡಿದು, ಕೂತವರ ಪಂಚೆ ಸೀರೆಗಳೆಲ್ಲ ನೆನೆದುಹೋಗುತ್ತಿದ್ದವು. ಕಂಬದಪಲ್ಲಿಯವರು ಅದನ್ನು ನೋಡಿಯೇ ಇವತ್ತು ಬಾಯಿ ಬಿಡುವ ದಿನವಲ್ಲ ಎಂದು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿಕೊಳ್ಳುತ್ತಿದ್ದರು. ಆ ವರ್ಷದ ಕಾರ್ತಿಕದಲ್ಲಿ ಮಾತ್ರ ಎಲ್ಲರೂ ನೆನೆದರೂ ಯಾರೂ ಗೊಣಗಲಿಲ್ಲ. ಸಿಟ್ಟು ಅವಳೊಬ್ಬಳದಾಗಿರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಳೆರಾಯ ಯಾವುದೋ ಹಳೆಯ ಬಾಕಿ ತೀರಿಸುವವನ ಹಾಗೆ ಸುರಿದು, ಶಿಡ್ಲಘಟ್ಟದ ಸುತ್ತಿನ ಕೆರೆಗಳೆಲ್ಲ ತುಂಬಿ ಕೋಡಿ ಬಿದ್ದಿದ್ದವು. ಕೆರೆ ತುಂಬಿದರೆ ಬೇರೆ ಊರಿಗೆಲ್ಲ ಹಬ್ಬ. ಕಂಬದಪಲ್ಲಿಗೆ ಹಬ್ಬದ ಜೊತೆ ಒಂದು ತಾಪತ್ರಯವೂ ಹೌದು, ಏಕೆಂದರೆ ಪೇಟೆಗೆ ಹೋಗುವ ಅವರ ಗಾಡಿದಾರಿ ಇದ್ದದ್ದು ಕೆರೆಯಂಗಳದೊಳಗೆ. ನೀರು ಬಂದರೆ ದಾರಿ ಮುಳುಗಿತು. ಕೋಡಿಯ ಕಡೆಯಿಂದ ಸುತ್ತಿ ಹೋಗಬಹುದಿತ್ತು, ಆದರೆ ಹಾಗೆ ಸುತ್ತಿ ಶಿಡ್ಲಘಟ್ಟ ಮುಟ್ಟುವ ಹೊತ್ತಿಗೆ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಮುಗಿದು ಕಸ ಗುಡಿಸುತ್ತಿರುತ್ತಾರೆ. ಊರಿನಲ್ಲಿ ರೇಷ್ಮೆಹುಳ ಸಾಕದ ಮನೆ ಇರಲಿಲ್ಲ. ಹುಳ ಗೂಡು ಕಟ್ಟಿದ ಮೇಲೆ ಯಾರ ಅನುಕೂಲಕ್ಕೂ ಕಾಯುವುದಿಲ್ಲ. ತಡವಾದರೆ ಒಳಗಿನ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ತೂತಾದ ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಹೀಗಾಗಿ ಕೆರೆ ತುಂಬಿದ ವರ್ಷ ಊರಿನ ಬದುಕೆಲ್ಲ ಎರಡು ತೆಪ್ಪಗಳ ಮೇಲೆ ನಿಂತಿತ್ತು.

ಬಿದಿರು ಹೆಣೆದು, ಗೋಣಿತಾಟು ಹೊದಿಸಿ, ಟಾರು ಬಳಿದ ದುಂಡು ತೆಪ್ಪಗಳು ಅವು. ಊರಿನ ದಡದಲ್ಲಿದ್ದದ್ದು ಅಕ್ಕಯ್ಯಮ್ಮನದು. ಆಚೆ ರಸ್ತೆಯ ದಡದಲ್ಲಿದ್ದದ್ದು ಲಾಲ್ ಬಾಷಾನದು. ಎರಡು ಮನೆಗೂ ಅದು ತಾತಂದಿರ ಕಾಲದಿಂದ ಬಂದ ಕೆಲಸ. ದಾಟಿಸಿದ್ದಕ್ಕೆ ಯಾರೂ ಕೈಗೆ ಕಾಸು ಕೊಡುತ್ತಿರಲಿಲ್ಲ, ಕೊಟ್ಟಿದ್ದರೆ ಅವರು ಅವಮಾನವೆಂದು ತಿಳಿಯುತ್ತಿದ್ದರು. ಊರಿನ ಬಡಗಿಗೆ, ಕಮ್ಮಾರನಿಗೆ, ಅಗಸರಿಗೆ ಸುಗ್ಗಿಯಲ್ಲಿ ಆಯ ಅಳೆಯುವ ಹಾಗೆ ತೆಪ್ಪದವರಿಗೂ ಆಯ. ಕಣದಲ್ಲಿ ರಾಗಿಯ ರಾಶಿ ಹಾಕಿ ಪೂಜೆ ಮಾಡಿದ ಮೇಲೆ ಮೊದಲನೇ ಮೊರ ದೇವರಿಗೆ, ಎರಡನೇ ಮೊರ ತೆಪ್ಪದವರಿಗೆ. ಕೆರೆ ಒಣಗಿ ದನ ಮೇಯುವ ವರ್ಷದಲ್ಲೂ ಆ ಮೊರ ತಪ್ಪುತ್ತಿರಲಿಲ್ಲ. ನೀರು ಈ ವರ್ಷ ಇಲ್ಲದಿದ್ದರೆ ಮುಂದಿನ ವರ್ಷ ಬರುತ್ತದೆ, ತೆಪ್ಪದವರು ಹಸಿದು ಊರು ಬಿಟ್ಟರೆ ಆಮೇಲೆ ದಾಟಿಸುವವರು ಯಾರು ಎಂಬುದು ಹಿರಿಯರ ವಿವೇಕ.

ಇದಕ್ಕೆ ಬದಲಾಗಿ ತೆಪ್ಪದವರು ಪಾಲಿಸಬೇಕಾದದ್ದು ಒಂದೇ ಒಂದು. ದಡದಲ್ಲಿ ನಿಂತು ಯಾರೇ 'ತೆಪ್ಪಾ' ಎಂದು ಕೂಗಲಿ, 'ಬಂದೇ' ಎನ್ನಬೇಕು. ಉಣ್ಣುತ್ತಿದ್ದರೆ ಕೈ ತೊಳೆದು ಏಳಬೇಕು. ಕೂಗಿದವನು ನಿನ್ನೆ ಜಗಳವಾಡಿದವನೇ ಆಗಿರಲಿ, ಅವನನ್ನು ದಡದಲ್ಲಿ ಕಾಯಿಸಬಾರದು. ಅಕ್ಕಯ್ಯಮ್ಮ ಈ ಮಾತನ್ನು ಎಷ್ಟು ರೂಢಿ ಮಾಡಿಕೊಂಡಿದ್ದಳೆಂದರೆ ಜ್ವರದಲ್ಲಿ ಮಲಗಿ ಕನವರಿಸುವಾಗಲೂ 'ಬಂದೇ, ಬಂದೇ' ಎನ್ನುತ್ತಿದ್ದಳು.

ಗಂಡ ಮುನಿಶಾಮಪ್ಪ ಸತ್ತ ವರ್ಷ, ಹೆಂಗಸು ಹುಟ್ಟು ಹಿಡಿಯುವುದುಂಟೇ ಎಂದು ಊರಿನಲ್ಲಿ ಗುಸುಗುಸು ಎದ್ದಿತ್ತು. ಆಗ ಊರಿನ ದೊಡ್ಡ ಗೌಡರು, ಕಣ್ಣು ಮಂಜಾಗಿದ್ದ ಮುದುಕ, ತಮ್ಮ ಕಣದಲ್ಲಿ ಎಲ್ಲರ ಎದುರಿಗೆ ಎರಡನೇ ಮೊರ ಎತ್ತಿ, "ಬಾರಮ್ಮ ತೆಪ್ಪದಮ್ಮ, ಒಡ್ಡು ಮೊರಾನ" ಎಂದಿದ್ದರು. ಅವತ್ತಿನಿಂದ ಅವಳು ಊರಿಗೆಲ್ಲ ತೆಪ್ಪದಮ್ಮ. ಗಂಡ ಕೊಟ್ಟ ತಾಳಿ ಹೋಯಿತು, ಊರು ಕೊಟ್ಟ ಈ ಹೆಸರು ಉಳಿಯಿತು. ಅವಳಿಗೆ ಈ ಭೂಮಿಯ ಮೇಲೆ ತನ್ನದು ಎಂದು ಇದ್ದದ್ದು ಅಷ್ಟೇ, ಮತ್ತು ಅದು ಅವಳಿಗೆ ಸಾಕಾಗಿತ್ತು.

ಅದಕ್ಕೇ ಕೈಯಿಟ್ಟಿತು ಸರ್ಕಾರ.

ಸುದ್ದಿ ತಂದವನು ದೊಡ್ಡ ಗೌಡರ ಮಗ ವೆಂಕಟರವಣಪ್ಪ. ಅಪ್ಪ ಸತ್ತ ಮೇಲೆ ಊರಿನ ಯಜಮಾನಿಕೆ ಅವನ ತಲೆಗೆ ಬಂದಿತ್ತು. ಬೆಣ್ಣೆಯಲ್ಲಿ ಕೂದಲು ತೆಗೆಯುವ ಹಾಗೆ ಮಾತಾಡುವ ಮನುಷ್ಯ. ರಸ್ತೆದಡದ ಟೀ ಅಂಗಡಿಯಲ್ಲಿ ಪೇಪರು ಹಿಡಿದು ಕೂತು, ಅಕ್ಕಯ್ಯಮ್ಮನಿಗೂ ಲಾಲ್ ಬಾಷಾನಿಗೂ ಅವನು ಓದಿ ಹೇಳಿದ. ಒಳನಾಡಿನ ಜಲಮಾರ್ಗಗಳಿಗೆಲ್ಲ ಒಂದು ಮಸೂದೆ ಬರುತ್ತಿದೆಯಂತೆ. ಬಿದಿರು, ತೊಗಲು, ತಾಟಿನಿಂದ ಮಾಡಿದ ಯಾವುದರಲ್ಲೂ ಬಾಡಿಗೆಗಾಗಲಿ ಪ್ರತಿಫಲಕ್ಕಾಗಲಿ ಜನರನ್ನು ದಾಟಿಸಕೂಡದಂತೆ. ಹಲಗೆಯದೋ ತಗಡಿನದೋ ದೋಣಿ ಬೇಕಂತೆ, ಅದಕ್ಕೆ ನಂಬರು ಬೇಕಂತೆ, ನಡೆಸುವವನಿಗೆ ಲೈಸೆನ್ಸು ಬೇಕಂತೆ, ಲೈಸೆನ್ಸಿಗೆ ಏಳನೇ ಕ್ಲಾಸು ಪಾಸಾಗಿರಬೇಕಂತೆ. ಇವೆಲ್ಲ ಇಲ್ಲದವರ ತೆಪ್ಪ ಜಪ್ತಿ. ಆ ಕೆರೆಯ ದಾಟನ್ನು ಹರಾಜಿನಲ್ಲಿ ಕಂಟ್ರಾಕ್ಟರಿಗೆ ಕೊಡುತ್ತಾರಂತೆ.

"ಯಾಕಂತೆ ಈಗ ಇದೆಲ್ಲ?" ಎಂದಳು ಅಕ್ಕಯ್ಯಮ್ಮ.

"ಎಲ್ಲೋ ಅಣೆಕಟ್ಟಿನ ಹಿನ್ನೀರಲ್ಲಿ ಮೋಜಿಗೆ ಹೋದೋರ ಮೋಟಾರು ದೋಣಿ ಮುಳುಗೋಯ್ತಂತೆ ಕಣಮ್ಮ. ಜನ ಸತ್ರು. ಅದಕ್ಕೆ."

"ಮುಳುಗಿದ್ದು ಮೋಟಾರು, ನಿಲ್ಲಿಸೋದು ತೆಪ್ಪಾನ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ." ಅವಳು ಟೀ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದಳು. "ಏಳನೇ ಕ್ಲಾಸು ಬೇಕಂತಾ? ನಮ್ಮ ಮಾವ ಯಾವ ಇಸ್ಕೂಲಲ್ಲಿ ಕೂತು ಕಲಿತ್ನಂತೆ? ಅವನು ಒಬ್ಬನ್ನಾದ್ರೂ ನೀರಲ್ಲಿ ಹಾಕಿದ್ನಾ?"

ಲಾಲ್ ಬಾಷಾ ಮಾತು ಕಡಿಮೆಯ ಮನುಷ್ಯ. ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, "ಮಾಡಿದೋರು ತೆಪ್ಪ ನೋಡಿದಾರಾ ಅಂತ, ಅಷ್ಟು ಕೇಳಬೇಕು ಅಕ್ಕಾ," ಎಂದ.

ಕೇಳಲು ಹೋದರು. ಸಂತೆಯ ದಿನ ಶಿಡ್ಲಘಟ್ಟದ ತಾಲ್ಲೂಕು ಕಚೇರಿಯ ಮುಂದೆ ಸುತ್ತಿನ ಕೆರೆಗಳ ತೆಪ್ಪದವರೆಲ್ಲ ಸೇರಿದರು. ಚಿಂತಾಮಣಿ ಕಡೆಯವರು ಬಂದರು, ಗೌರಿಬಿದನೂರಿನಿಂದ ರೈಲು ಹಿಡಿದು, ಬಸ್ಸು ಬದಲಾಯಿಸಿ ಬಂದವರೂ ಇದ್ದರು. ಮೀನು ಹಿಡಿಯುವವರು, ಹುಲ್ಲು ಸಾಗಿಸುವವರು, ತೆಲುಗು ಬಿಟ್ಟು ಬೇರೆ ಬಾರದವರು, ಎಲ್ಲರ ಹೆಗಲ ಮೇಲೂ ಒಂದೊಂದು ಹುಟ್ಟು. ಇಷ್ಟು ಜನ ತೆಪ್ಪದವರು ಈ ಒಣನಾಡಿನಲ್ಲಿ ಇದ್ದಾರೆಂದು ಅವರಿಗೇ ಗೊತ್ತಿರಲಿಲ್ಲ. ಬಾಗಿಲಲ್ಲಿ ಜವಾನ, ಹುಟ್ಟುಗಳನ್ನೆಲ್ಲ ಹೊರಗಿಟ್ಟು ಬನ್ನಿ ಎಂದ. "ನಿಮ್ಮ ಸಾಹೇಬ್ರು ಪೆನ್ನು ಹೊರಗಿಟ್ಟು ಕೂತ್ರೆ ನಾವೂ ಇಡ್ತೀವಿ," ಎಂದು ಅಕ್ಕಯ್ಯಮ್ಮ ಹುಟ್ಟನ್ನು ನೆಲಕ್ಕೆ ಕುಟ್ಟಿದಳು. ಹಿಂದಿನವರೂ ಕುಟ್ಟಿದರು. ಆ ಸದ್ದಿಗೆ ಒಳಗಿನಿಂದ ಗುಮಾಸ್ತರೆಲ್ಲ ಎದ್ದು ಬಂದು ಕಿಟಕಿಯಲ್ಲಿ ನಿಂತರು. ಕೊನೆಗೆ ತಹಶೀಲ್ದಾರರೇ ಹೊರಗೆ ಬಂದು, ಇದಿನ್ನೂ ಕರಡು, ಆಕ್ಷೇಪಣೆ ಇದ್ದರೆ ಬೆಂಗಳೂರಿನಿಂದ ಅಧಿಕಾರಿ ಬರುತ್ತಾರೆ, ಕೆರೆ ಕೆರೆಗೂ ಬಂದು ವಿಚಾರಣೆ ಮಾಡುತ್ತಾರೆ, ಆಗ ಹೇಳಿ ಎಂದು ಕೈಮುಗಿದರು. ಅವಳ ಸಿಟ್ಟಿಗೆ ಕಚೇರಿ ಕೈಮುಗಿದದ್ದನ್ನು ಊರಿನವರು ವಾರವೆಲ್ಲ ಹೇಳಿಕೊಂಡು ತಿರುಗಿದರು.

ಉಪಾಯ ಹೊಳೆದದ್ದು ವೆಂಕಟರವಣಪ್ಪನಿಗೆ. ಅವನ ಷಡ್ಡಕ ಚಿಂತಾಮಣಿಯಲ್ಲಿ ವಕೀಲರ ಗುಮಾಸ್ತ. ಅವನ ಹತ್ತಿರ ಹೋಗಿ ಬಂದು, ತನ್ನ ಜಗಲಿಯ ಮೇಲೆ ಊರನ್ನು ಕೂರಿಸಿಕೊಂಡ.

"ನೋಡ್ರಪ್ಪ, ಮಸೂದೇಲಿ ಇರೋದು ಎರಡೇ ಮಾತು. ಬಾಡಿಗೆ, ಪ್ರತಿಫಲ. ನಾವು ಏನೂ ಕೊಡಲ್ಲ, ಅವರು ಏನೂ ಇಸ್ಕೊಳಲ್ಲ ಅಂದ್ಬಿಟ್ರೆ? ಕಾನೂನು ಯಾರ ಮೇಲೆ ಬಂದು ಕೂರುತ್ತೆ? ತೆಪ್ಪ ನಮ್ಮದು, ಕೆರೆ ನಮ್ಮದು, ಓಡಾಡ್ತೀವಿ. ಅಷ್ಟೆ."

ಜಗಲಿ ಭೇಷ್ ಎಂದಿತು. ಅಕ್ಕಯ್ಯಮ್ಮನೂ ಭೇಷ್ ಎಂದಳು. ಲಾಲ್ ಬಾಷಾ ಮಾತ್ರ ಕಂಬಕ್ಕೊರಗಿ ಕೂತವನು, "ಗೌಡ್ರೇ, ಆಯ ತಿಂದ ಬಾಯಲ್ಲಿ ತಿಂದಿಲ್ಲ ಅನ್ನೋದು ಹೆಂಗೆ? ಇರೋದು ಇದ್ದಂಗೆ ಹೇಳೋಣ. ನಮ್ಮದು ಬಾಡಿಗೆ ಅಲ್ಲ, ಪದ್ಧತಿ ಅಂತ," ಎಂದ.

"ಪದ್ಧತಿ ಅಂದ್ರೆ ಅವರಿಗೆ ಏನು ತಿಳಿಯುತ್ತೆ? ಪ್ರತಿಫಲ ಅಂತಲೇ ಬರ್ಕೋತಾರೆ."

"ಆದ್ರೂ ಸುಳ್ಳು ಗೌಡ್ರೇ."

"ಹೆದರಿದ್ರೆ ಮನೇಲಿರು ಕಣಯ್ಯ," ಎಂದಳು ಅಕ್ಕಯ್ಯಮ್ಮ. "ಅವರು ನಮ್ಮ ತೆಪ್ಪ ಕಿತ್ಕೊಳೋಕೆ ಬರ್ತಾವ್ರೆ. ಕಳ್ಳನ ಹತ್ರ ಸತ್ಯ ಹೇಳ್ಕೊಂಡು ಕೂತ್ಕೋತೀಯಾ?"

ಲಾಲ್ ಬಾಷಾ ಅವಳನ್ನೊಮ್ಮೆ ನೋಡಿದ. ಹೆದರಿಕೆಯ ಮಾತನ್ನು ಅವನಿಗೆ ಯಾರೂ ಅದುವರೆಗೆ ಅಂದಿರಲಿಲ್ಲ. ಅವಳ ಗಂಡನ ಹೆಣವನ್ನು ತೂಬಿನ ಸುಳಿಯಲ್ಲಿ ಮುಳುಗಿ ಎತ್ತಿ ತಂದವನು ಅವನು. ಮೇಲೆದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ವಿಚಾರಣೆಗೆ ಬಂದ ಅಧಿಕಾರಿ ಸಣ್ಣ ವಯಸ್ಸಿನವನು, ಸೌಮ್ಯ. ಕೆರೆಯ ಏರಿಯ ಮೇಲೆ, ಗಂಗಮ್ಮನ ಕಲ್ಲಿನ ಪಕ್ಕದಲ್ಲಿ ಅವನಿಗೆ ಕುರ್ಚಿ ಹಾಕಿದ್ದರು. ಗಂಗಮ್ಮನೆಂದರೆ ಅರಿಸಿನ ಬಳಿದ ಒಂದು ನಿಲುಗಲ್ಲು. ಕೆರೆ ತುಂಬಿದಾಗ ಅವಳ ಪಾದಕ್ಕೆ ನೀರು ಮುಟ್ಟುತ್ತಿತ್ತು. ಊರು ಊರೇ ಬಂದು ನಿಂತಿತ್ತು. ಲಾಲ್ ಬಾಷಾ ಬಂದಿರಲಿಲ್ಲ.

"ಇಲ್ಲಿ ತೆಪ್ಪ ನಡೆಸುವವರು ಯಾರು? ಅವರಿಗೆ ಏನು ಕೊಡುತ್ತೀರಿ?" ಎಂದು ಅಧಿಕಾರಿ ಕೇಳಿದ. ಎಲ್ಲರೂ ವೆಂಕಟರವಣಪ್ಪನ ಮುಖ ನೋಡಿದ್ದನ್ನು ಕಂಡು, "ಹೆದರಬೇಡಿ. ತಲತಲಾಂತರದಿಂದ ಇದೇ ಕೆಲಸ ಮಾಡಿಕೊಂಡು ಬಂದವರಿದ್ದರೆ ಹೇಳಿ. ಅಂಥವರಿಗೆ ವಿನಾಯಿತಿ ಕೊಡಬೇಕು ಅಂತ ನಾನು ಬರೆಯಬಹುದು," ಎಂದ.

ಅಕ್ಕಯ್ಯಮ್ಮನ ಕಿವಿಗೆ ಆ ಮಾತು ಬಿತ್ತು. ಒಳಗೆ ಇಳಿಯಲಿಲ್ಲ. ಸಿಟ್ಟು ತಲೆಯೊಳಗೆ ಕೂತಿರುವಾಗ ಬೇರೆ ಮಾತಿಗೆ ಅಲ್ಲಿ ಜಾಗವೆಲ್ಲಿ? ಮೆತ್ತಗೆ ಮಾತಾಡಿಸಿ ಬಾಯಿ ಬಿಡಿಸುವ ಆಟ ಇದು, ಈ ಬೂಟುಕಾಲಿನ ಹುಡುಗನಿಗೆ ನಾನು ಬಗ್ಗುತ್ತೇನೆಯೇ ಎಂದುಕೊಂಡಳು.

ವೆಂಕಟರವಣಪ್ಪ ಮುಂದೆ ಬಂದ. "ನಮ್ಮೂರಲ್ಲಿ ತೆಪ್ಪದೋರು ಅಂತ ಯಾರೂ ಇಲ್ಲ ಸ್ವಾಮಿ. ಯಾರಿಗೂ ನಾವು ಒಂದು ಕಾಳು ಕೊಟ್ಟಿಲ್ಲ."

ಅಧಿಕಾರಿ ನಕ್ಕ. ನಂಬಲಿಲ್ಲವೆಂಬುದು ಆ ನಗುವಿನಲ್ಲೇ ಇತ್ತು. "ಹಾಗಂತ ಬರೆದುಕೊಳ್ಳುತ್ತೇನೆ, ಸಹಿ ಹಾಕಿ ಸಾಕು," ಎಂದ.

ಸಹಿ ಹಾಕಿ ಮನೆಗೆ ಹೋಗಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಸಹಿ ಎಂಬುದು ಸರ್ಕಾರದ ಆಣೆ, ಊರಿನವರ ಮೈಗೆ ಅದು ಅಂಟುವುದಿಲ್ಲ. ಆದರೆ ಆ ನಗು ಅಕ್ಕಯ್ಯಮ್ಮನನ್ನು ಕೆಣಕಿತು.

"ಸಹಿ ಯಾಕೆ? ನಾವು ಸುಳ್ಳು ಹೇಳ್ತೀವಿ ಅಂತ ತಾನೇ ನಗ್ತಿರೋದು? ಗಂಗಮ್ಮನ ಮುಂದೆ ನೀರು ಮುಟ್ಟಿ ಹೇಳ್ತೀವಿ, ನೋಡು."

ಹೀಗೆಂದವಳೇ ಕಲ್ಲಿನ ಬುಡದಲ್ಲಿ ಕೂತು, ಬೊಗಸೆಯಲ್ಲಿ ಕೆರೆಯ ನೀರು ಎತ್ತಿಕೊಂಡಳು. "ನಾನು ನನ್ನ ಕೆಲಸಕ್ಕೆ ಆಚೆ ದಡಕ್ಕೆ ಹೋಗ್ತೀನಿ. ದಾರೀಲಿ ಯಾರಾದ್ರೂ ಬಂದು ಕೂತ್ಕೊಂಡ್ರೆ ಬೇಡ ಅನ್ನಲ್ಲ. ಒಬ್ಬರಿಂದ ಒಂದು ಕಾಳು ಇಸ್ಕೊಂಡೋಳಲ್ಲ," ಎಂದು ನೀರನ್ನು ಕಲ್ಲಿನ ಮೇಲೆ ಬಿಟ್ಟಳು. ಆಮೇಲೆ ವೆಂಕಟರವಣಪ್ಪ ಪಂಚೆ ಎತ್ತಿ ಕಟ್ಟಿ ಇಳಿದ. ಹೆಂಗಸು ಮಾಡಿದ್ದನ್ನು ಯಜಮಾನ ಮಾಡದೆ ನಿಲ್ಲಲಾಗುತ್ತದೆಯೇ? ಅವನಿಗೆ ಮಾತಿಗೆ ಒಗ್ಗರಣೆ ಹಾಕುವ ಚಟ. "ಕೊಟ್ಟಿದ್ದೂ ಇಲ್ಲ, ಇನ್ನು ಮುಂದೆ ಕೊಡೋದೂ ಇಲ್ಲ," ಎಂದು ಒಂದು ಮಾತು ಸೇರಿಸಿಯೇ ನೀರು ಬಿಟ್ಟ. ಅವನ ಹಿಂದೆ ಮನೆಗೊಬ್ಬರಂತೆ ಊರೆಲ್ಲ ಇಳಿದು, ಅವನ ಮಾತನ್ನೇ ಹೇಳಿ, ನೀರು ಬಿಟ್ಟಿತು. ಅಧಿಕಾರಿ ಪೆನ್ನು ಮುಚ್ಚಿ ಜೀಪು ಹತ್ತಿದ. ಅಕ್ಕಯ್ಯಮ್ಮ ಗೆದ್ದ ಉತ್ಸಾಹದಲ್ಲಿ ಅವತ್ತು ಊರಿನ ಮಕ್ಕಳನ್ನೆಲ್ಲ ತೆಪ್ಪದಲ್ಲಿ ಕೂರಿಸಿ ಗಿರ್ರನೆ ತಿರುಗಿಸಿದಳು.

ಆಮೇಲೆ ಬೆಂಗಳೂರಿನಲ್ಲಿ ಏನಾಯಿತೋ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಯಾರದೋ ಕುರ್ಚಿ ಹೋಯಿತು, ಇನ್ಯಾರೋ ಕೂತರು, ಮಸೂದೆ ಮೂಲೆ ಸೇರಿತು. ಸಂಕ್ರಾಂತಿಗೆ ಮುಂಚೆ ವೆಂಕಟರವಣಪ್ಪನೇ ಪೇಪರಿನಲ್ಲಿ ನೋಡಿ ಹೇಳಿದ. ಲಾಲ್ ಬಾಷಾ ರಸ್ತೆದಡದಲ್ಲಿ ಇಳಿದವರಿಗೆಲ್ಲ ಬೆಲ್ಲ ಹಂಚಿದ. ಅಕ್ಕಯ್ಯಮ್ಮನ ಕೈಗೂ ಒಂದು ಅಚ್ಚು ಇಟ್ಟು, "ನಮ್ಮ ತೆಪ್ಪ ಉಳೀತು ಅಕ್ಕಾ," ಎಂದ. ಅವನನ್ನು ಹೆದರುಪುಕ್ಕಲ ಎಂದು ಆಡಿಕೊಂಡದ್ದಕ್ಕೆ ಅವಳಿಗೆ ಆಗಲೇ ಸ್ವಲ್ಪ ನಾಚಿಕೆಯಾಯಿತು.

ಸುಗ್ಗಿ ಬಂತು. ಮೊದಲ ರಾಶಿ ಪದ್ಧತಿಯಂತೆ ವೆಂಕಟರವಣಪ್ಪನ ಕಣದಲ್ಲಿ. ಅಕ್ಕಯ್ಯಮ್ಮ ಮಿಂದು, ಒಗೆದ ಸೀರೆ ಉಟ್ಟು, ಸಗಣಿ ಸಾರಿಸಿ ಒಣಗಿಸಿದ್ದ ಮೊರ ಹಿಡಿದು ಹೋದಳು. ಪಕ್ಕದಲ್ಲಿ ಲಾಲ್ ಬಾಷಾ ಚೀಲ ಮಡಿಚಿಕೊಂಡು ನಿಂತಿದ್ದ. ರಾಗಿಯ ರಾಶಿ ಕೆಂಪಗೆ ಕಣದ ತುಂಬ ಬಿದ್ದಿತ್ತು, ಅಂಥ ಬೆಳೆ ಬಂದು ಎಷ್ಟೋ ವರ್ಷವಾಗಿತ್ತು. ವೆಂಕಟರವಣಪ್ಪ ಕರ್ಪೂರ ಹಚ್ಚಿ, ಮೊದಲನೇ ಮೊರ ಎತ್ತಿ ದೇವರ ಪಾಲಿಗೆ ಇಟ್ಟ. ಎರಡನೇ ಮೊರ ತುಂಬಿದ. ಅಕ್ಕಯ್ಯಮ್ಮ ತನ್ನ ಮೊರ ಒಡ್ಡಿದಳು. ಅವನ ಕೈ ಹಾಗೇ ನಿಂತಿತು.

"ತಾಯಿ, ಒಂದು ಮಾತು. ಬೇಜಾರು ಮಾಡ್ಕೋಬೇಡ. ಗಂಗಮ್ಮನ ಮುಂದೆ ನೀರು ಮುಟ್ಟಿದೀವಲ್ಲ. ಇನ್ನು ಮುಂದೆ ಕೊಡೋದೂ ಇಲ್ಲ ಅಂತ ಹೇಳಿದೀವಿ. ಈಗ ಕೊಟ್ರೆ ಆಣೆ ಮುರಿದಂಗೆ ಆಗಲ್ವಾ?"

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅದು ಸರ್ಕಾರದೋರಿಗೆ ಹೇಳಿದ ಮಾತು ಕಣಪ್ಪ."

"ಹೇಳಿದ್ದು ಸರ್ಕಾರಕ್ಕೆ. ಮುಟ್ಟಿದ್ದು ನೀರು. ಮಕ್ಕಳೊಂದಿಗ ನಾನು. ಮನೇಲಿ ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ನಾಲ್ಕನೇ ಜ್ವರ ಎದ್ದು ಕೂತವೆ, ಇನ್ನೇನು ಗೂಡು ಕಟ್ತವೆ. ರೋಗ ಬಿದ್ರೆ ಯಾರು ಹೊಣೆ?"

ಹಿಂದೆ ನಿಂತವರು ತಲೆಯಾಡಿಸಿದರು. ಹೌದಲ್ವಾ, ಆಣೆ ಆಣೆನೇ ಎಂದರು. ಅವರಲ್ಲಿ ಭಯ ಇರಲಿಲ್ಲವೆಂದಲ್ಲ. ಇತ್ತು. ಹಾಗೆಯೇ, ಒಳ್ಳೆಯ ವರ್ಷದಲ್ಲಿ ಒಂದು ಮೊರ ರಾಗಿ ಮನೆಯಲ್ಲೇ ಉಳಿಯುತ್ತದೆಂಬ ಆಸೆಯೂ ಇತ್ತು. ಭಯಕ್ಕೆ ಆಸೆ ಜೊತೆಯಾದರೆ ಮನುಷ್ಯ ಎಷ್ಟು ದೈವಭಕ್ತನಾಗುತ್ತಾನೆಂದು ಅವತ್ತು ಆ ಕಣದಲ್ಲಿ ನೋಡಬೇಕಿತ್ತು.

"ಹೋಗ್ಲಿ, ಬಾಷಾ ನೀರು ಮುಟ್ಟಿಲ್ಲ. ಅವನಿಗೆ ಕೊಡಿ," ಎಂದಳು.

"ಅವನು ಮುಟ್ಟಿಲ್ಲ, ನಾವು ಮುಟ್ಟಿದೀವಲ್ಲ. ಯಾರಿಗೂ ಕೊಡಲ್ಲ ಅಂದಿದೀವಿ." ವೆಂಕಟರವಣಪ್ಪ ದನಿ ತಗ್ಗಿಸಿದ, ಉಪಕಾರ ಮಾಡುವವನ ದನಿ ಅದು. "ಒಂದು ದಾರಿ ಇದೆ. ಆಯ ಅಂತ ಬೇಡ. ಭಿಕ್ಷೆ ಅಂತ ಸೆರಗೊಡ್ಡು, ಹಾಕ್ತೀನಿ. ಭಿಕ್ಷೆಗೆ ಆಣೆ ಅಡ್ಡ ಬರಲ್ಲ. ನಿನಗೂ ಹೊಟ್ಟೆ ತುಂಬುತ್ತೆ, ನಮಗೂ ದೋಷ ಇಲ್ಲ."

ಇದೇ ಕಣದಲ್ಲಿ, ಇವನ ಅಪ್ಪ, ಒಡ್ಡು ಮೊರಾನ ಎಂದಿದ್ದರು. ಮಗ ಸೆರಗೊಡ್ಡು ಎನ್ನುತ್ತಿದ್ದಾನೆ. ಅಕ್ಕಯ್ಯಮ್ಮನ ಮೈ ಉರಿದುಹೋಯಿತು. ಬಾಯಿಗೆ ಬಂದ ಬೈಗುಳವನ್ನು ಅವಳೇ ತಡೆದುಕೊಂಡಳು. ನೀರು ಮುಟ್ಟಿ ಎಂದವಳು ತಾನೇ ಅಲ್ಲವೇ? ಮೊರವನ್ನು ಅವರೆದುರಿಗೇ ಬೋರಲು ಮಾಡಿ ಎರಡು ಸಲ ತಟ್ಟಿದಳು.

"ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಅಂತ ಗಾದೆ ಕೇಳಿದ್ದೆ. ಕಂಡಿರಲಿಲ್ಲ. ಕಂಡೆ," ಎಂದು ಹಿಂದಿರುಗಿ ನಡೆದಳು.

ಏರಿಯ ಮೇಲೆ ಲಾಲ್ ಬಾಷಾ ಹಿಂದೆಯೇ ಬಂದ. ಅವಳು ನಿಂತಳು.

"ಬೈದುಬಿಡು ಬಾಷಾ. ನಿನ್ನ ಅನ್ನಾನೂ ನಾನೇ ಕಳೆದೆ."

"ಬೈದ್ರೆ ರಾಗಿ ಬರುತ್ತಾ?" ಎಂದ ಅವನು. ಖಾಲಿ ಚೀಲವನ್ನು ಇನ್ನೊಂದು ಮಡಿಕೆ ಮಡಿಚಿದ. "ನಾನು ಮುಟ್ಟಿರಲಿಲ್ಲ. ಆದ್ರೂ ಅದೇ ನೀರಲ್ಲಿ ಬಿದ್ದೆ. ಇರಲಿ ಅಕ್ಕಾ."

ಅವನು ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ, ಅವಳು ಕೊಯ್ದದ್ದು ಎರಡು ಮೂಗು. ಅವನು ತೆಪ್ಪ ಹತ್ತಿ ಆಚೆ ದಡ ಸೇರುವವರೆಗೂ ಗಂಗಮ್ಮನ ಕಲ್ಲಿನ ಹತ್ತಿರ ಕೂತೇ ಇದ್ದಳು. ಅಳು ಬಂತು, ಅತ್ತಳು. ಅತ್ತು ಮುಗಿದ ಮೇಲೆ ಅವತ್ತು ಇದೇ ಜಾಗದಲ್ಲಿ ತಾನು ಆಡಿದ ಮಾತನ್ನು ಒಂದೊಂದಾಗಿ ನೆನೆಸಿಕೊಂಡಳು. ಊರಿನವರು ಅವರ ಆಣೆಯನ್ನು ನೆನೆಸಿಕೊಂಡಿದ್ದರು. ಅವಳದೂ ಒಂದು ಆಣೆ ಇತ್ತು.

ಮಾರನೆಯ ದಿನ ಆಚೆ ದಡಕ್ಕೆ ಹೋಗಿ ಲಾಲ್ ಬಾಷಾನ ಹತ್ತಿರ ಮಾತಾಡಿ ಬಂದಳು. ಊರಿಗೆ ಹಿಂದಿರುಗಿ ಕಂಡಕಂಡವರಿಗೆ ಒಂದೇ ಮಾತು ಹೇಳಿದಳು, "ಹೆರಿಗೆ, ಹಾವು, ಹೆಣ, ಈ ಮೂರಕ್ಕೆ ಕೂಗಿ, ಬರ್ತೀನಿ. ಮಿಕ್ಕಿದ್ದಕ್ಕೆ ನೀವುಂಟು, ಗಂಗಮ್ಮ ಉಂಟು." ಮುದುಕಿಯ ಕೋಪ, ಗೂಡು ಇಳಿಸುವ ದಿನಕ್ಕೆ ಇಳಿಯುತ್ತದೆ ಎಂದು ಊರು ನಕ್ಕಿತು.

ಗೂಡು ಇಳಿಸುವ ದಿನ ಬಂತು. ಊರಿನವರೆಲ್ಲ ಒಟ್ಟಿಗೆ ಹುಳದ ಮರಿ ತಂದಿದ್ದರಿಂದ ಗೂಡೂ ಒಟ್ಟಿಗೇ ಬಂದಿತ್ತು. ಬೆಳಗಾಗುವ ಹೊತ್ತಿಗೆ ದಡದ ತುಂಬ ಹಳದಿ ಗೂಡಿನ ಮಂಕರಿಗಳು, ಮಂಕರಿಯ ಪಕ್ಕದಲ್ಲಿ ಶಾಲು ಹೊದ್ದ ಗಂಡಸರು. ಅಕ್ಕಯ್ಯಮ್ಮನ ತೆಪ್ಪ ಬೋರಲು ಬಿದ್ದಿತ್ತು. ಅದರ ಮೇಲೆ ಅವಳು 'ಕೂತಿದ್ದೇನೆ, ನೋಡಿ' ಎಂಬಂತೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಆಚೆ ದಡದಲ್ಲಿ ಇನ್ನೊಂದು ತೆಪ್ಪವೂ ಬೋರಲು ಬಿದ್ದದ್ದು ಇಲ್ಲಿಂದಲೇ ಕಾಣುತ್ತಿತ್ತು.

"ಏಳಮ್ಮ ತೆಪ್ಪದಮ್ಮ, ಹೊತ್ತಾಯ್ತು. ಆಮೇಲೆ ಹರಾಜು ಮುಗಿದೋಗುತ್ತೆ," ಎಂದ ವೆಂಕಟರವಣಪ್ಪ.

"ನನಗೆ ಇವತ್ತು ಆಚೆ ದಡದಲ್ಲಿ ಕೆಲಸ ಇಲ್ಲ ಗೌಡ್ರೇ."

"ಕೆಲಸ ನಮ್ಮದು ಕಣಮ್ಮ."

"ನಿಮ್ಮದು. ನನ್ನದಲ್ಲ. ನಾನು ನನ್ನ ಕೆಲಸಕ್ಕೆ ಹೋದಾಗ ಯಾರಾದ್ರೂ ಕೂತ್ಕೊಂಡ್ರೆ ಬೇಡ ಅನ್ನಲ್ಲ ಅಂತ ನೀರು ಮುಟ್ಟಿದೀನಿ. ನಿಮ್ಮ ಕೆಲಸಕ್ಕೆ ಹೋದ್ರೆ ಆಣೆ ಮುರಿದಂಗೆ ಆಗಲ್ವಾ? ನನಗೂ ಭಯ ಇರುತ್ತಲ್ಲಪ್ಪ."

ಯಾರೋ ಒಬ್ಬ ಕಾಸು ಕೊಡುತ್ತೇನೆಂದ. ಇನ್ನೊಬ್ಬ ಹೆಚ್ಚು ಕೊಡುತ್ತೇನೆಂದ. ಅವಳು ಎಲೆಯ ತೊಟ್ಟು ಮುರಿದು ಬಿಸಾಕಿದಳು. "ಬಾಡಿಗೆ ಅಂತಾನಾ? ಒಬ್ಬರಿಂದ ಒಂದು ಕಾಳು ಇಸ್ಕೊಂಡೋಳಲ್ಲ ಅಂತಲೂ ನೀರು ಮುಟ್ಟಿದೀನಿ. ನೀವೇ ಸಾಕ್ಷಿ." ವೆಂಕಟರವಣಪ್ಪನ ಮುಖ ಕೆಂಪೇರಿತು. ಸುತ್ತಿನ ದಾರಿಗೆ ಗಾಡಿ ಕಟ್ಟಿಸಲು ಒಬ್ಬನನ್ನು ಅಟ್ಟಿದ. ಅವನಿಗೂ ಗೊತ್ತು, ಗಾಡಿ ಮುಟ್ಟುವ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಕಸಪೊರಕೆ ಮಾತ್ರ ಇರುತ್ತದೆ.

ಆಗ ಗುಂಪನ್ನು ಸೀಳಿಕೊಂಡು ಚಿಕ್ಕವೆಂಕಟಮ್ಮ ಬಂದಳು. ಊರಿನ ಕಡೆಯ ಗುಡಿಸಲಿನವಳು. ತುಂಡು ರಾಗಿಹೊಲ, ಒಂದು ಗುಂಟೆ ಹಿಪ್ಪುನೇರಳೆ ಸೊಪ್ಪು, ಒಂದೆರಡು ತಟ್ಟೆ ಹುಳ, ಅಷ್ಟು ಅವಳ ಬೇಸಾಯ. ವಿಚಾರಣೆಯ ದಿನ ಅವಳು ಬಾಣಂತನಕ್ಕೆಂದು ಗೌರಿಬಿದನೂರಿನ ತವರಲ್ಲಿದ್ದಳು, ಅವಳ ಮನೆಯಿಂದ ಯಾರೂ ನೀರು ಮುಟ್ಟಿರಲಿಲ್ಲ. ಮೊನ್ನೆ ಅವಳ ಅಂಗೈಯಗಲದ ಕಣದಲ್ಲಿ ರಾಶಿಯಾದಾಗ, ಎರಡನೇ ಮೊರವನ್ನು ತಾನೇ ತಲೆಯ ಮೇಲೆ ಹೊತ್ತು ತಂದು ಅಕ್ಕಯ್ಯಮ್ಮನ ಬಾಗಿಲಲ್ಲಿ ಸುರಿದು ಹೋಗಿದ್ದಳು. ಅದರಲ್ಲಿ ಅರ್ಧವನ್ನು ಅಕ್ಕಯ್ಯಮ್ಮ ಲಾಲ್ ಬಾಷಾನಿಗೆ ಕೊಟ್ಟಿದ್ದಳು. ಈಗ ಚಿಕ್ಕವೆಂಕಟಮ್ಮನ ಸೊಂಟದ ಮೇಲೆ ಒಂದು ಪುಟ್ಟ ಮಂಕರಿ. ಎಲ್ಲರ ಮುಖ ನೋಡಿ, ಕೇಳಲು ಅಳುಕಿ ನಿಂತಳು.

ಅಕ್ಕಯ್ಯಮ್ಮ ಎದ್ದಳು. ಸೆರಗು ಬಿಗಿದು, ತೆಪ್ಪದ ಅಂಚಿಗೆ ಕೈಕೊಟ್ಟು ಒಂದೇ ಸಲಕ್ಕೆ ಮಗುಚಿ ನೀರಿಗಿಳಿಸಿದಳು.

"ಹತ್ತಮ್ಮ. ನನ್ನ ಕೆಲಸ ಬಂತು."

ಇಪ್ಪತ್ತು ಮಂಕರಿ ಹಿಡಿಯುವ ತೆಪ್ಪದಲ್ಲಿ ಒಂದೇ ಮಂಕರಿ ಹೊರಟಿತು. ಬೇರೆಯವರು ಹತ್ತಲು ನೋಡಿದರು, ಅವಳು ಹುಟ್ಟನ್ನು ಅಡ್ಡ ಹಿಡಿದಳು. ಬೇಡ ಅನ್ನುವುದಿಲ್ಲ ಎಂದು ಆಣೆ ಮಾಡಿದ್ದೆಯಲ್ಲ ಎಂದು ಕೇಳುವಷ್ಟು ನಾಲಿಗೆ ಅವರಲ್ಲಿ ಯಾರಿಗೂ ಉಳಿದಿರಲಿಲ್ಲ. ತೆಪ್ಪ ದಡ ಬಿಟ್ಟು ಆಳಕ್ಕೆ ಬಂತು. ಅಷ್ಟರಲ್ಲಿ ಹಿಂದಿನಿಂದ ವೆಂಕಟರವಣಪ್ಪ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಹಿಂದೆ ಅವನ ಅಪ್ಪ ಕೂಗುತ್ತಿದ್ದ ಹಾಗೆಯೇ, ದೊಡ್ಡದಾಗಿ ಕೂಗಿದ.

"ತೆಪ್ಪಾ..."

ಆ ಕೂಗು ನೀರಿನ ಮೇಲೆ ಜಾರಿ ಬಂದು ಅವಳ ಬೆನ್ನಿಗೆ ತಾಗಿತು. ಕೈ ನಿಂತಿತು. 'ಬಂದೇ' ಎಂಬುದು ತಾನಾಗಿ ಬಾಯಿಗೆ ಬಂದು ತುಟಿಯ ಹಿಂದೆ ನಿಂತಿತು, ಅಲ್ಲೇ ಕಚ್ಚಿ ಹಿಡಿದಳು. ಕಣ್ಣು ಮಾತ್ರ ತುಂಬಿಕೊಂಡಿತು. ಹುಟ್ಟು ನಿಂತ ತೆಪ್ಪ ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿ ಅವಳನ್ನು ದಡಕ್ಕೆ ಮುಖ ಮಾಡಿಸಿತು. ಮಂಕರಿಗಳ ಸಾಲು, ಅದರ ಹಿಂದೆ ಊರು, ಊರಿನ ಮುಂದೆ ಬಾಯಿಗೆ ಕೈಯಿಟ್ಟ ಯಜಮಾನ, ಎಲ್ಲ ಕಂಡವು.

"ಈ ಊರಲ್ಲಿ ತೆಪ್ಪದೋರು ಅಂತ ಯಾರೂ ಇಲ್ಲವಲ್ಲ ಗೌಡ್ರೇ," ಎಂದು ಅವಳೂ ಅಷ್ಟೇ ದೊಡ್ಡದಾಗಿ ಕೂಗಿದಳು. "ಯಾರನ್ನ ಕರೀತಿದೀರ?"

ಉತ್ತರಕ್ಕೆ ಕಾಯದೆ ಹುಟ್ಟು ಹಾಕಿದಳು. ನೀರು ಒಳಕ್ಕೆ ಸಿಡಿಯಿತು. ಚಿಕ್ಕವೆಂಕಟಮ್ಮ ಬಾಯಿ ಬಿಡದೆ ಗೂಡಿನ ಮಂಕರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, ಅದಕ್ಕೆ ಸೆರಗು ಮುಚ್ಚಿದಳು.